ಒಂದೇ ಪುಟಕ್ಕೆ ತೆರೆಯುವ ಪುಸ್ತಕ

ಕುಪಾಂಗ್, ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು
ಶುಕ್ರವಾರ, 12 ಆಗಸ್ಟ್ 1994

ಯೆರಿಯ ಅಪ್ಪನಿಗೆ,

ನಿಮಗೆ ಸಮಾಧಾನವಿರಲಿ ಎಂದು ಬರೆದು ಪತ್ರ ಶುರು ಮಾಡಬೇಕು, ಸಭೆಯಲ್ಲಿ ಕಲಿಸಿದ್ದು ಹಾಗೆಯೇ. ಕೈ ಬರುತ್ತಿಲ್ಲ. ನನಗೇ ಇಲ್ಲದ ಸಮಾಧಾನವನ್ನು ನಿಮಗೆ ಎಲ್ಲಿಂದ ಕಳಿಸಲಿ? ಅದಕ್ಕೇ ವಿಷಯವನ್ನು ಮೊದಲು ಬರೆಯುತ್ತೇನೆ. ಸೋಮವಾರ ಟ್ರಕ್ಕು ತೆಗೆದುಕೊಂಡು ಬರಬೇಡಿ. ಸೆರ್ಲಿಯನ್ನು ನಾನು ಕಳಿಸುವುದಿಲ್ಲ. ಅವಳ ಹೊಟ್ಟೆಯಲ್ಲಿ ಇನ್ನೂ ರಬ್ಬರು ನಳಿಗೆ ಇದೆ, ಅದರಿಂದ ಕೀವು ಬಾಟಲಿಗೆ ಇಳಿಯುತ್ತಿದೆ. ಅದನ್ನು ತೆಗೆಯುವವರೆಗೆ ಮಂಚದಿಂದ ಇಳಿಸಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಬೆಟ್ಟದ ದಾರಿಯಲ್ಲಿ ಟ್ರಕ್ಕಿನ ಹಿಂದೆ ದನಗಳ ಜೊತೆ ಕುಲುಕಿಸಿಕೊಂಡು ಹೋದರೆ ಮಗು ಉಳಿಯುವುದಿಲ್ಲ. ಬರೆಯುವುದು ಇಷ್ಟೇ. ಆದರೆ ಇಷ್ಟಕ್ಕೆ ನೀವು ಒಪ್ಪುವವರಲ್ಲ, ಗೊತ್ತು.

ನಿನ್ನೆ ಮೆಸಾಖ್ ಬಂದಿದ್ದ. ರೋಗಿ ಮಲಗಿರುವ ಕಡೆ ಟೊಪ್ಪಿ ತೆಗೆಯಬೇಕೆಂದು ನಿಮ್ಮ ಪ್ರಾರ್ಥನೆ ಗುಂಪಿನವರಿಗೆ ಯಾರೂ ಕಲಿಸಲಿಲ್ಲವೇ? ಮಂಚದ ಕಾಲಿಗೆ ಒರಗಿ ನಿಂತು, "ಅಕ್ಕಾ, ಭಾನುವಾರ ಪುಸ್ತಕ ಮತ್ತೆ ಅದೇ ಮಾತು ಹೇಳ್ತಲ್ಲ, ಪಾಪ ಪೂರ್ತಿ ಹೊರಗೆ ಬಂದಿಲ್ಲ. ಅದನ್ನ ಒಳಗಿಟ್ಕೊಂಡು ಹೊಟ್ಟೆ ಕೊಯ್ಸಿದ್ರೆ ಏನು ಬಂತು? ಸೋಮವಾರ ಅಣ್ಣ ಟ್ರಕ್ಕು ತರ್ತಾರೆ. ಮಗೂನ ನಡುಮನೇಲಿ ಮಲಗಿಸಿ ಇನ್ನೊಂದು ಸಲ ನಾಕೆತಿ ಮಾಡೋಣ, ಎಲ್ಲರೂ ಸುತ್ತ ಕೂತು ಪಾಪಾನ ಬಾಯಿಬಿಟ್ಟು ಒಪ್ಕೊಳ್ಳಲಿ" ಎಂದ. ಸೆರ್ಲಿ ಕೇಳಿಸಿಕೊಳ್ಳುತ್ತಿದ್ದಳು. ಗೋಡೆಗೆ ಮುಖ ತಿರುಗಿಸಿದಳು. ಹೋಗುವಾಗ, "ಆ ದೊಡ್ಡ ಬೈಬಲ್ಲನ್ನೂ ಕೊಟ್ಬಿಡು, ಅಣ್ಣ ಮನೆಯೆಲ್ಲ ಹುಡುಕ್ತಿದಾರೆ" ಎಂದ. ಕೊಡಲಿಲ್ಲ. ಅದು ನನ್ನ ಅಪ್ಪನ ಬೈಬಲ್. ಈ ಸೋಮವಾರ ನೀವು ಸಭೆಯ ಮನೆಗೆ ಹೋದ ಹೊತ್ತಿನಲ್ಲಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟವಳು ಅದನ್ನೂ ಬಟ್ಟೆಯಲ್ಲಿ ಸುತ್ತಿ ತಂದೆ. ಹದಿನಾಲ್ಕರ ಹುಡುಗಿ, ಒಂದು ಮೂಟೆ ಜೋಳದಷ್ಟೂ ಭಾರವಿರಲಿಲ್ಲ. ಪುಸ್ತಕವೇ ಭಾರವಾಗಿತ್ತು.

ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದರು ನನ್ನನ್ನು. ಒಂದರ ಹಿಂದೆ ಒಂದು ಜೋಡಿಸಿ ಬರೆಯಲು ಬರುವುದಿಲ್ಲ. ಆದರೂ ನಾಕೆತಿಯ ದಿನ ನಡೆದದ್ದನ್ನು ಬರೆಯುತ್ತೇನೆ. ಯಾಕೆಂದರೆ ನೀವು ಅದನ್ನು ಕಣ್ಣು ಮುಚ್ಚಿಕೊಂಡು ನೋಡಿದಿರಿ, ನಾನು ತೆರೆದುಕೊಂಡು ನೋಡಿದೆ.

ಸೆರ್ಲಿಗೆ ಹೊಟ್ಟೆನೋವು ಬಂದು ಎರಡನೇ ದಿನ ಅದು. ಅವಳನ್ನು ಚಾಪೆಯ ಮೇಲೆ ಮಲಗಿಸಿ ನಾವೆಲ್ಲ ಸುತ್ತ ಕುಳಿತೆವು. ನಿಮ್ಮ ಸಣ್ಣ ಬೈಬಲ್ಲನ್ನು ಬಿಟ್ಟು ಅಪ್ಪನ ದೊಡ್ಡದನ್ನೇ ಕಪಾಟಿನಿಂದ ಇಳಿಸಿದಿರಿ, ಹಳೆಯದಕ್ಕೆ ಶಕ್ತಿ ಹೆಚ್ಚು ಎಂದು. ಕಣ್ಣು ಮುಚ್ಚಿ ಪ್ರಾರ್ಥಿಸಿದಿರಿ, ಪುಸ್ತಕ ತೆರೆದಿರಿ, ಬೆರಳು ಇಟ್ಟಿರಿ. ಯೆಹೋಶುವನ ಪುಸ್ತಕ, ಏಳನೇ ಅಧ್ಯಾಯ. ಮುಟ್ಟಬಾರದ ವಸ್ತುವನ್ನು ನಿಮ್ಮಲ್ಲಿ ಯಾರೋ ಕದ್ದು ಸಾಮಾನಿನ ನಡುವೆ ಬಚ್ಚಿಟ್ಟಿದ್ದಾರೆ ಎಂದು ದೇವರು ಹೇಳುವ ಜಾಗ. ಅಳುತ್ತಿದ್ದಿರಿ ನೀವು. ಮಗಳ ಮೇಲೆ ಪ್ರೀತಿಯಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ. ಆ ಪ್ರೀತಿಯೇ ಅವಳನ್ನು ಕೊಲ್ಲುತ್ತಿತ್ತಲ್ಲ, ನನ್ನ ಕೋಪ ಅದಕ್ಕೆ.

"ಮುಟ್ಟಬಾರದ್ದು ಈ ಮನೇಲಿ ಏನು ಕಳೆದಿದೆ?" ಎಂದು ಮೆಸಾಖ್ ಕೇಳಿದ್ದೇ ತಡ, ಎಲ್ಲರಿಗೂ ನನ್ನ ಅಮ್ಮನ ಕಿತ್ತಳೆ ಬಣ್ಣದ ಮಣಿಸರ ನೆನಪಾಯಿತು. ಎರಡು ವರ್ಷದ ಹಿಂದೆ ನೀವು ಅಂಗಳದಲ್ಲಿ ಬೆಂಕಿ ಹಾಕಿ ಪೂರ್ವಿಕರ ಸಾಮಾನನ್ನೆಲ್ಲ ಸುಟ್ಟ ದಿನ, ವೀಳ್ಯದ ಪೆಟ್ಟಿಗೆ, ಅಜ್ಜನ ಕತ್ತಿ ಎಲ್ಲ ಹೋಯಿತು, ಮಣಿಸರ ಮಾತ್ರ ಸಿಗಲಿಲ್ಲ. ನಿಮ್ಮವರು ಜೋಳದ ಅಟ್ಟ ಕೂಡ ಹತ್ತಿ ಹುಡುಕಿದರು. ಮನೆಯ ಹೆಂಗಸು ಬಿಟ್ಟು ಬೇರೆಯವರು ಹತ್ತಬಾರದ ಅಟ್ಟ ಅದು. ಸರ ಹೇಗೆ ಕಾಣೆಯಾಯಿತೋ, ಆ ಮಾತು ಈಗ ಬೇಡ. ಎಲ್ಲರ ಕಣ್ಣೂ ಸೊಸೆ ನೆಲ್ಚಿಯ ಕಡೆ ತಿರುಗಿತು. ನಮ್ಮ ಯೆರಿ ಮಲೇಷ್ಯಾದ ತೋಟದಲ್ಲಿ ದುಡಿಯುತ್ತಿದ್ದಾನೆ, ಅವನ ಹೆಂಡತಿಯ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ರೋತೆ ದ್ವೀಪದ ಹುಡುಗಿ, ಜೋರಾಗಿ ನಗುವವಳು. ಅಷ್ಟು ಸಾಕಾಯಿತು ನಿಮ್ಮವರಿಗೆ. "ರೋತೆಯವರ ನಾಲಿಗೆ ತಾಳೆಬೆಲ್ಲ, ಕೈ ಮಾತ್ರ ಉದ್ದ" ಎಂದು ನಿಮ್ಮ ತಂಗಿ ಅಂದದ್ದು ಎಲ್ಲರಿಗೂ ಕೇಳಿಸಿತು. ನಾನೂ ಕೇಳಿದೆ.

ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳನ್ನು ಕೂರಿಸಿದಿರಿ. ಮರುದಿನವೂ ಕೂರಿಸಿದಿರಿ. ಅವಳ ಎಳೆಗೂಸು ಹಾಲಿಗೆ ಅಳುತ್ತಿತ್ತು. ಕೊನೆಗೆ ಅವಳು ಎದ್ದು ನಿಂತು ಏನಂದಳು, ನೆನಪಿದೆಯೇ? "ಮಾವಾ, ನಾನೇ ತಗೊಂಡೆ ಅಂತ ಇಟ್ಕೊಳ್ಳಿ. ಈಗಲಾದ್ರೂ ಸೆರ್ಲೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ?" ಇದು ಒಪ್ಪಿಗೆಯೇ, ಯೆರಿಯ ಅಪ್ಪಾ? ಕಿವಿ ಇದ್ದವರಿಗೆ ಇದು ಒಪ್ಪಿಗೆಯಾಗಿ ಕೇಳುತ್ತದೆಯೇ? "ಹಾಗಾದ್ರೆ ಮಣಿ ಎಲ್ಲಿ?" ಎಂದರೆ ಅವಳು ಎಲ್ಲಿಂದ ತರಬೇಕು? ಶುಕ್ರವಾರ ಬೆಳಿಗ್ಗೆ ತವರಿಗೆ ಹೋಗೆಂದು ಕೂಸಿನ ಸಮೇತ ಬಸ್ಸು ಹತ್ತಿಸಿದಿರಿ. ಕಿಟಕಿಯಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಬೇರೆ ಯಾರನ್ನೂ ಅಲ್ಲ.

ಪಾಪ ಹೊರಗೆ ಹೋಯಿತು, ಇನ್ನು ವಾಸಿಯಾಗುತ್ತದೆ ಎಂದು ಆಮೇಲೆ ಕಾದಿರಿ. ಶನಿವಾರ ಅವಳ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಭಾನುವಾರ ಮತ್ತೆ ಪುಸ್ತಕ ತೆರೆದಿರಿ. ಮತ್ತೆ ಅದೇ ಪುಟ. ನೀವು ಬೆವೆತು ಹೋದಿರಿ. "ದೇವರು ಎರಡು ಸಲ ಹೇಳಿದ್ರು ಅಂದ್ರೆ ಇನ್ನೂ ಯಾರೋ ಇದಾರೆ" ಎಂದಿರಿ. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ.

ಇಲ್ಲಿ ಡಾಕ್ಟರು ಹೊಟ್ಟೆಯಲ್ಲಿ ಕರುಳಿನ ತುದಿ ಒಡೆದಿದೆ ಎಂದರು. ಡಾಕ್ಟರೆಂದರೆ ನಮ್ಮ ಯೆರಿಯ ವಯಸ್ಸಿನ ಹುಡುಗ, ನೋಡಿದರೆ ಹಾಗೇ. "ಎಷ್ಟು ದಿನ ಆಯ್ತಮ್ಮ?" ಎಂದ. "ಆರು" ಎಂದೆ. "ಆರು ದಿನ ಏನು ಮಾಡ್ತಿದ್ರಿ?" ಎಂದ. ಏನು ಹೇಳಲಿ ನಾನು? ಪುಸ್ತಕ ತೆರೆಯುತ್ತಿದ್ದೆವು ಎಂದು ಹೇಳಲೇ?

ಪಕ್ಕದ ಮಂಚದಲ್ಲಿ ಸೊಂಟ ಮುರಿದ ಮುದುಕಿಯಿದ್ದಾಳೆ, ವಾರ್ಡಿನವರಿಗೆಲ್ಲ ಚಿಕ್ಕಮ್ಮ, ತಾಂತೆ ಬೆರ್ತಾ. ನಲವತ್ತು ವರ್ಷ ಮಕ್ಕಳಿಗೆ ಭಾನುವಾರದ ಪಾಠ ಹೇಳಿದವಳು. ಬಾಯಿ ಕತ್ತರಿ. ಮೆಸಾಖ್ ಹೋದ ಮೇಲೆ ನಾನು ಅಪ್ಪನ ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ತೆರೆದೆ. ಅದೇ ಪುಟ. ಮುಚ್ಚಿ ಮತ್ತೆ ತೆರೆದೆ. ಅದೇ. ಏಳು ಸಲ ತೆರೆದೆ. ಅವಳು ನೋಡುತ್ತಿದ್ದಳು. "ಏನೇ ಅದು, ಇಸ್ಪೀಟು ಕಲಸೋ ಹಾಗೆ ಕಲಸ್ತಿದೀಯ? ಕೊಡು ಇಲ್ಲಿ" ಎಂದಳು. ಅವಳ ಕೈಯಲ್ಲೂ ಅದೇ ಪುಟ. ತಿರುಗಿಸಿ ಹಿಂಬದಿ ಸವರಿದಳು. "ಅಯ್ಯೋ ಹುಚ್ಚಿ, ಇದರ ಬೆನ್ನು ಮುರಿದಿದೆ ಕಣೇ, ನನ್ನ ಸೊಂಟದ ಹಾಗೆ. ನೋಡು, ಈ ಜಾಗದಲ್ಲಿ ಅಂಟು ಬಿಟ್ಟು ದಾರ ಹರಿದಿದೆ. ಮುರಿದ ಕಡೆಗೇ ಬಾಯಿ ಬಿಡುತ್ತೆ. ದೇವರನ್ನ ಯಾಕೆ ಎಳೀತೀರ ಇದಕ್ಕೆ?"

ಕೇಳಿದಿರಾ? ದೇವರು ಎರಡು ಸಲ ಹೇಳಿದ್ದಲ್ಲ. ದಾರ ಹರಿದಿತ್ತು. ಒಂದು ದಾರಕ್ಕೆ ನಮ್ಮ ಸೊಸೆ ಕಳ್ಳಿಯಾದಳು, ಮಗಳ ಕರುಳು ಕೊಳೆಯಿತು. ಹಳೇ ಪುಸ್ತಕ, ತೇವವೋ ಇಲಿಯೋ ಏನಾಗಿತ್ತೋ, ಬೆನ್ನು ಮುರಿಯುವುದಕ್ಕೆ ಕಾರಣವೇ ಬೇಕೆಂದಿಲ್ಲ.

ಅಲ್ಲಿಗೇ ಬಿಡಬಹುದಿತ್ತು. ಆದರೆ ನೀವು ಬೆರಳಿಟ್ಟದ್ದು ಒಂದು ಸಾಲಿನ ಮೇಲೆ, ನಾನು ಆ ಅಧ್ಯಾಯವನ್ನು ಪೂರ್ತಿ ಓದಿದೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಮಧ್ಯಾಹ್ನ ಹಿಡಿಯಿತು. ಕದ್ದವನು ಆಕಾನ, ಕದ್ದದ್ದು ಒಂದು ಒಳ್ಳೆಯ ಬಟ್ಟೆ, ಬೆಳ್ಳಿ, ಚಿನ್ನ. ಒಪ್ಪಿಕೊಂಡ, ಕದ್ದದ್ದನ್ನು ತಂದೂ ಕೊಟ್ಟರು. ಆಮೇಲೆ ಅವನನ್ನು ಕಲ್ಲು ಹೊಡೆದು ಕೊಂದರು. ಅವನನ್ನು ಮಾತ್ರವೇ? ಗಂಡುಮಕ್ಕಳನ್ನು, ಹೆಣ್ಣುಮಕ್ಕಳನ್ನು, ಎತ್ತು, ಕತ್ತೆ, ಕುರಿ, ಎಲ್ಲವನ್ನೂ ಒಟ್ಟಿಗೆ ಕಣಿವೆಗೆ ಒಯ್ದರು. ನಿಮಗೆ ಇದು ಗೊತ್ತಿತ್ತೇ? ಗೊತ್ತಿದ್ದೇ ನಮ್ಮ ಮನೆಯಲ್ಲಿ ಆ ಪುಟವನ್ನು ಓದಿದಿರಾ? ಕತ್ತೆ ಏನು ಕದ್ದಿತ್ತು, ಹೇಳಿ. ಕುರಿ ಯಾವ ಬಟ್ಟೆ ಬಚ್ಚಿಟ್ಟಿತ್ತು? ಆ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹದಿನಾಲ್ಕು ವರ್ಷ ಇದ್ದಿರಬಹುದು.

ಇದನ್ನೇ ಬೆರ್ತಾಳಿಗೆ ಕಿರುಚಿ ಕೇಳಿದೆ. ದಾದಿ ಬಂದು ಗದರಿಸಿದಳು. ಮುದುಕಿ ಬೇಜಾರು ಮಾಡಿಕೊಳ್ಳಲಿಲ್ಲ. ಯೆಹೆಜ್ಕೇಲನ ಪುಸ್ತಕದಲ್ಲಿ ಒಂದು ಜಾಗ ತೆರೆಸಿ ಓದಿಸಿದಳು. ಅಪ್ಪನ ಪಾಪವನ್ನು ಮಗ ಹೊರುವುದಿಲ್ಲ, ಮಗನದನ್ನು ಅಪ್ಪ ಹೊರುವುದಿಲ್ಲ ಎಂದು ಅಲ್ಲಿ ದೇವರೇ ಹೇಳುತ್ತಾರೆ. ನನಗೆ ಇನ್ನೂ ಕೋಪ ಬಂತು. "ಎರಡೂ ಒಂದೇ ಪುಸ್ತಕದಲ್ಲಿ ಇದ್ರೆ ಯಾವುದನ್ನ ನಂಬೋದು ತಾಂತೆ?" ಎಂದೆ. "ಅದನ್ನೇ ನಾನೂ ನಲವತ್ತು ವರ್ಷದಿಂದ ಕೇಳ್ತಿದೀನಿ. ಕಣ್ಣು ಬಿಟ್ಕೊಂಡು ಓದ್ತಾ ಕೇಳ್ತಿದೀನಿ. ನಿನ್ನ ಗಂಡ ಕೇಳೋದೇ ಇಲ್ಲವಲ್ಲ, ಬೆರಳಿಗೆ ಬಿಟ್ಟಿದಾನೆ" ಎಂದಳು. ಆಕೆಗೆ ನಂಬಿಕೆ ಇದೆ. ಊಟಕ್ಕೆ ಮೊದಲು ಕೈಮುಗಿಯುತ್ತಾಳೆ, ಗಂಜಿ ಉಪ್ಪಿಲ್ಲವೆಂದು ಬೈಯುತ್ತಲೇ ಕೈಮುಗಿಯುತ್ತಾಳೆ. ನನಗೆ ಇದೆಯೋ ಇಲ್ಲವೋ ಈಗ ಹೇಳಲಾರೆ. ನಾನು ಓದಲು ಕಲಿತದ್ದೇ ಅಪ್ಪನ ತೊಡೆಯ ಮೇಲೆ, ಆ ಪುಸ್ತಕದಲ್ಲಿ. ಅದು ಹೇಳಿದ್ದೆಲ್ಲ ದೇವರ ಬಾಯಿಂದ ಬಂದದ್ದು ಎಂದು ಅಪ್ಪ ಹೇಳಿದ್ದರು. ಆ ಕತ್ತೆಯ ಮೇಲೆ ಬಿದ್ದ ಕಲ್ಲುಗಳೂ ದೇವರ ಬಾಯಿಂದ ಬಂದವೇ? ಅಪ್ಪ ಬದುಕಿದ್ದರೆ ಕೇಳುತ್ತಿದ್ದೆ. ಇಲ್ಲ, ಕೇಳುತ್ತಿರಲಿಲ್ಲ. ಹೆದರುತ್ತಿದ್ದೆ.

ಆದ್ದರಿಂದ ಟ್ರಕ್ಕು ಬೇಡ. ನಿಮಗೆ ಎಲ್ಲಿಗಾದರೂ ಹೋಗಲೇಬೇಕೆಂದಿದ್ದರೆ ಹಡಗು ಹತ್ತಿ ರೋತೆಗೆ ಹೋಗಿ. ನೆಲ್ಚಿಯ ಅಮ್ಮನ ಅಂಗಳದಲ್ಲಿ ನಿಂತು, ವೀಳ್ಯ ಅಡಿಕೆ ಮುಂದಿಟ್ಟು, ನಿಮ್ಮ ಮಗಳು ಕಳ್ಳಿಯಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಮೆಸಾಖನನ್ನು ಕರೆದುಕೊಂಡು ಹೋಗಬೇಡಿ. ಸೋಮವಾರ ನೀವು ಇಲ್ಲಿಗೇ ಬಂದರೆ ನಾನು ಮಂಚಕ್ಕೆ ಅಡ್ಡ ಮಲಗುತ್ತೇನೆ, ವಾರ್ಡಿನವರೆಲ್ಲ ನೋಡಲಿ. ನಿಮ್ಮ ಎದುರು ನಾನು ಎಂದೂ ದನಿಯೆತ್ತಿದವಳಲ್ಲ. ಈಗ ಎತ್ತುತ್ತೇನೆ.

ಹಂದಿಗಳಿಗೆ ಯಾರು ಹಾಕುತ್ತಿದ್ದಾರೆ? ದೊಡ್ಡ ಹಂದಿ ಮರಿಹಾಕುವ ಹೊತ್ತು, ಬೇಲಿ ಸಡಿಲವಾಗಿದೆ, ನೋಡಿ. ಅಟ್ಟದ ಕೆಳಗೆ ಹೊಗೆ ನಿಲ್ಲಿಸಬೇಡಿ, ಜೋಳಕ್ಕೆ ಹುಳ ಬೀಳುತ್ತದೆ. ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೋ.

ನಿಮ್ಮ ಹೆಂಡತಿ, ಸೆರ್ಲಿಯ ಅಮ್ಮ,
ಯುಬ್ಲಿನಾ

ಮರೆತದ್ದು: ಮರೆತದ್ದಲ್ಲ. ಪತ್ರವನ್ನು ಬಸ್ಸಿನವನ ಕೈಗೆ ಕೊಡಲು ಗೇಟಿನವರೆಗೆ ಹೋಗಿ ವಾಪಸು ಬಂದೆ. ಆ ಪುಸ್ತಕದ ಬೆನ್ನು ತೇವಕ್ಕೆ ಮುರಿದದ್ದಲ್ಲ, ಇಲಿ ಕಡಿದದ್ದೂ ಅಲ್ಲ. ಮುರಿದವಳು ನಾನು. ನೀವು ಬೆಂಕಿ ಹಾಕುವ ಹಿಂದಿನ ದಿನ ಅಮ್ಮನ ಮಣಿಸರವನ್ನು ಚಿಂದಿಯಲ್ಲಿ ಸುತ್ತಿ ಅಪ್ಪನ ಬೈಬಲ್ಲಿನ ಒಳಗೆ ಒತ್ತಿಟ್ಟೆ. ನಿಮ್ಮವರು ಎಲ್ಲ ಕಡೆ ಹುಡುಕಿ ಅದೊಂದನ್ನು ಬಿಡುತ್ತಾರೆ ಎಂದು ಗೊತ್ತಿತ್ತು. ಸಾಯುವಾಗ ಅಮ್ಮ ತನ್ನ ಕೊರಳಿನಿಂದ ತೆಗೆದು ನನಗೆ ಹಾಕಿದ್ದು ಅದು, ಸುಡಲು ಕೊಡಲಾಗಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಅಲ್ಲೇ ಇತ್ತು, ಆ ಗಂಟಿಗೇ ಬೆನ್ನು ಮುರಿಯಿತು, ಆಮೇಲೆ ತೆಗೆದು ಅಟ್ಟಕ್ಕೆ ಸಾಗಿಸಿದೆ. ಯಾವ ಪುಟ ಎಂದು ಆಗ ನೋಡಲೂ ಇಲ್ಲ. ನೆಲ್ಚಿಯನ್ನು ಕೂರಿಸಿದಾಗ ಅದು ಜೋಳದ ಅಟ್ಟದಲ್ಲಿತ್ತು, ನನ್ನ ತಲೆಯ ಮೇಲೆ. ನಾನು ಸುಮ್ಮನಿದ್ದೆ. ಸೋಮವಾರ ಹೊರಡುವಾಗ ಅದನ್ನು ರವಿಕೆಯೊಳಗೆ ಬಚ್ಚಿಟ್ಟು ತಂದೆ. ನಿಮಗಿಂತ ನಾನೇ ಕೆಟ್ಟವಳು.

ಇದನ್ನು ಬರೆಯಲು ಹೆದರಿದ್ದು ಕಲ್ಲಿಗಲ್ಲ. ಓದಿದ ಕೂಡಲೇ, ನೋಡು, ಪುಸ್ತಕ ಸುಳ್ಳು ಹೇಳಲಿಲ್ಲ, ಕಳ್ಳಿ ಮನೆಯಲ್ಲೇ ಇದ್ದಳು ಎಂದು ನೀವು ಕುಣಿಯುತ್ತೀರಿ, ಟ್ರಕ್ಕು ತರುತ್ತೀರಿ ಎಂದು. ಸಾವಿರ ಪುಟಗಳಲ್ಲಿ ನನ್ನ ಕೈ ಆ ಪುಟಕ್ಕೇ ಯಾಕೆ ಹೋಯಿತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಇದಕ್ಕೆ ನೀವು ಉತ್ತರ ಹೇಳಿ. ಮಂಗಳವಾರ ಅವಳ ಹೊಟ್ಟೆ ಕೊಯ್ದರು. ಬುಧವಾರ ಜ್ವರ ಇಳಿದು, "ಅಮ್ಮಾ, ಗಂಜಿ ಕೊಡು" ಎಂದಳು. ನಾನು ಪಾಪವನ್ನು ಬಾಯಿಬಿಟ್ಟು ಹೇಳುತ್ತಿರುವುದು ಇವತ್ತು, ಶುಕ್ರವಾರ.

ನೆಲ್ಚಿಗೆ ಹೇಳಿ, ಮಣಿಸರ ಅತ್ತೆಯ ಕೊರಳಲ್ಲಿದೆ, ರವಿಕೆಯ ಹೊರಗೆ.