ಜೊತೆಗೆ ಬರುವವರ ಹೆಸರು

ಮೈಲೂರ, ಬೀದರ
ಸೋಮವಾರ, ೧೭ ನವೆಂಬರ ೨೦೦೩

ಪ್ರೀತಿಯ ಅವ್ವಾ,

ಜೈಭೀಮ. ನಿನ್ನ ಕೈ ಹೇಗಿದೆ? ಸಿಮೆಂಟು ತಿಂದ ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಎಣ್ಣೆ ಉಳಿಸಿ ಅಣ್ಣನ ತಲೆಗೆ ಹಾಕುತ್ತಿದ್ದೀಯೋ? ಮೊಣಕಾಲು ಬಾತಿದೆ ಎಂದು ಹೋದ ಸಲ ಫೋನಿನಲ್ಲಿ ನೀನು ಹೇಳಲಿಲ್ಲ, ಅಣ್ಣ ಹೇಳಿದ. ಮೂರನೇ ಮಹಡಿಗೆ ಇಟ್ಟಿಗೆ ಹೊರುವ ಕೆಲಸ ಬೇರೆಯವರಿಗೆ ಕೊಡಿ, ನನಗೆ ಕೆಳಗೆ ಉಸುಕು ಸೋಸುವುದು ಕೊಡಿ ಎಂದು ಬಾಯಿ ಬಿಟ್ಟು ಕೇಳು. ಕೇಳುವುದು ಭಿಕ್ಷೆಯಲ್ಲ ಎಂದು ನಾನು ಊರೂರಿಗೆ ಹೇಳುತ್ತ ತಿರುಗುತ್ತೇನೆ, ನನ್ನ ಹೆತ್ತವಳಿಗೇ ಹೇಳಲಾರೆನೇ? ಯುನುಸ ಭಾಯಿ, ಅವ್ವನಿಗೆ ಓದಿ ಹೇಳುವಾಗ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಓದಿರಿ. ಇಫ್ತಾರ್ ಮುಗಿಸಿಕೊಂಡೇ ಓದಿರಿ, ಅವಸರವಿಲ್ಲ, ಕಾಗದ ಉದ್ದವಿದೆ. ಅಣ್ಣ ಕಾಶೀರಾಮನ ಕೈಗೆ ಕೊಡಬೇಡಿರಿ, ಅವನು ಅಕ್ಷರ ಕೂಡಿಸುವುದರೊಳಗೆ ಹೈದರಾಬಾದಿನ ಕಟ್ಟಡವೇ ಮುಗಿದುಹೋಗುತ್ತದೆ.

ನಾನು ಚೆನ್ನಾಗಿದ್ದೇನೆ. ಕೇಶರಬಾಯಿ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ. ಬೆಳಿಗ್ಗೆಯಿಂದ ಸಂಜೆಯ ತನಕ ಮೈಲೂರ ಕ್ರಾಸಿನ ಫೋನ್ ಬೂತಿನಲ್ಲಿ ಕೂರುತ್ತೇನೆ. ಹೈದರಾಬಾದು, ಪುಣೆ, ಮುಂಬಯಿ, ಎಲ್ಲ ಕಡೆಯಿಂದ ನಮ್ಮ ಮಂದಿ ಇಲ್ಲಿಗೇ ಫೋನು ಹಚ್ಚುತ್ತಾರೆ, ನಾನು ಹೆಸರು ಬರೆದುಕೊಂಡು ಕರೆಸುತ್ತೇನೆ. ಅಳುವುದಕ್ಕೂ ಮಿನಿಟಿನ ಲೆಕ್ಕ. ಹೋದ ಭಾನುವಾರ ಖಟಕ ಚಿಂಚೋಳಿಗೆ ಹೋಗಿದ್ದೆ. ನಮ್ಮ ಮನೆಯ ಬೀಗಕ್ಕೆ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟು ಬಂದೆ. ನಮ್ಮ ಓಣಿಯಲ್ಲಿ ಹನ್ನೆರಡು ಮನೆಗಳಲ್ಲಿ ಒಂಬತ್ತಕ್ಕೆ ಬೀಗ. ಉಳಿದ ಮೂರರಲ್ಲಿ ಇರುವವರು ಮುದುಕರು, ಮತ್ತು ನನ್ನಂಥವರು.

ನನ್ನಂಥವರು ಎಂದರೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಗುತ್ತೇದಾರ ಜೋಡಿಯ ಲೆಕ್ಕದಲ್ಲಿ ಲಾರಿ ತುಂಬುತ್ತಾನೆ. ಅವ್ವ ಮಗ ಒಂದು ಜೋಡಿ, ಗಂಡ ಹೆಂಡತಿ ಒಂದು ಜೋಡಿ. ಕೋಲು ಹಿಡಿದವರು ಯಾವ ಜೋಡಿಗೂ ಸೇರುವುದಿಲ್ಲ. ಹೋದ ವರ್ಷ ದಸರಾ ಮುಗಿದ ನಾಲ್ಕನೇ ದಿನ ಅವನು ನನ್ನ ಕಾಲು ನೋಡಿ, “ಕೋಲಿಗಿ ಕೂಲಿ ಇಲ್ಲ ಬೇ” ಎಂದದ್ದು ನಿನಗೆ ನೆನಪಿರಬೇಕು. ಹೀಗೆ ಹಿಂದೆ ಉಳಿದವರು ಎಷ್ಟು ಮಂದಿ ಎಂದು ಯಾವ ಕಚೇರಿಯಲ್ಲೂ ಬರೆದಿಟ್ಟಿಲ್ಲ. ಆದ್ದರಿಂದ ನಾನು ಮತ್ತು ನಮ್ಮ ಅಂಗವಿಕಲರ ಸಂಘದ ಫಕ್ರೋದ್ದೀನ ಚಾಚಾ ಬಸ್ಸು ಹತ್ತಿ ಇಳಿದು ಭಾಲ್ಕಿ, ಔರಾದ ತಾಲೂಕುಗಳ ಹದಿನಾರು ಹಳ್ಳಿ ತಿರುಗಿದೆವು. ಚಾಚಾ ಗೊತ್ತಲ್ಲ, ಗಾಂಧಿ ಗಂಜಿನ ಪೇಟೆಯಲ್ಲಿ ಹಮಾಲಿ ಮಾಡುವಾಗ ಲಾರಿಯ ಕೆಳಗೆ ಕಾಲು ಕಳೆದುಕೊಂಡು ಈಗ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ನಲವತ್ತೊಂದು ಹೆಸರು ಸಿಕ್ಕವು. ಹೆಸರು, ಊರು, ಬಿಟ್ಟುಹೋದವರು ಯಾರು, ಹೆಬ್ಬೆಟ್ಟು. ಔರಾದ ಕಡೆಯ ಒಂದು ಹಳ್ಳಿಯಲ್ಲಿ ಮಡೆಪ್ಪ ಎಂಬವನಿದ್ದಾನೆ, ಎರಡೂ ಕಾಲಿಲ್ಲ. ಮನೆಯವರು ಹೋಗುವಾಗ ಹೊರಸಿನಿಂದ ಬಾಗಿಲ ತನಕ ಹಗ್ಗ ಕಟ್ಟಿ ಹೋಗಿದ್ದಾರೆ, ಹಿಡಿದು ಜರುಗಲಿ ಎಂದು. ನೀರಿನ ಟ್ಯಾಂಕರು ಓಣಿಯ ಬಾಯಿಗೆ ಬಂದು ಹತ್ತು ಮಿನಿಟು ನಿಲ್ಲುತ್ತದೆ. ಅವನು ಬಾಗಿಲು ಮುಟ್ಟುವುದರೊಳಗೆ ಅದು ಹೋಗಿರುತ್ತದೆ. ನಿನಗೆ ಏನು ಬೇಕು ಎಂದು ಬರೆದುಕೊಳ್ಳುತ್ತ ಕೇಳಿದೆ. “ಹಗ್ಗ ಇನ್ನೊಂದೀಟು ಉದ್ದ ಮಾಡಸ್ರಿ ಅಕ್ಕೋರ, ಟ್ಯಾಂಕರ ತನಕ” ಎಂದ. ನಾನು ಬರೆಯಲಾರದೆ ಪೆನ್ನು ಮುಚ್ಚಿದೆ. ಆಗ ಅವನೇ ನಗುತ್ತ, “ನಿಮ್ಮ ಹೆಸರ ಯಾಕ ಇಲ್ರಿ ಇದರಾಗ?” ಎಂದ. ನಾನು ಕಾರ್ಯದರ್ಶಿ, ಕಾರ್ಯದರ್ಶಿಯ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ ಎಂದು ಹೇಳಿದೆ.

ಈ ಪಟ್ಟಿಯನ್ನು ದೆಹಲಿಗೆ ಒಯ್ಯಬೇಕು, ಅವ್ವಾ. ಡಿಸೆಂಬರ ಮೂರಕ್ಕೆ ಅಲ್ಲಿ ಇಡೀ ದೇಶದ ಅಂಗವಿಕಲರ ಸಮ್ಮೇಳನವಿದೆ. ನಮ್ಮ ಜಿಲ್ಲೆಯಿಂದ ಒಬ್ಬರಿಗೆ ಕರೆ ಬಂದಿದೆ, ಅದು ನನಗೆ. ಹತ್ತು ಮಿನಿಟು ಮಾತಾಡಲು ಕೊಡುತ್ತಾರೆ. ಬರಗಾಲದ ಕಾಮಗಾರಿಯಲ್ಲಿ ನಮಗೂ ಕೂತು ಮಾಡುವ ಕೆಲಸ ಕೊಡಿ, ನೀರಿನ ಪಾಳಿ ಬರೆಯುವುದು, ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವುದು, ಟ್ಯಾಂಕರು ನಮ್ಮ ಬಾಗಿಲಿಗೂ ನಿಲ್ಲಲಿ ಎಂದು ನಾನು ಓದಬೇಕು. ಕೇಳುವ ಸಾಹೇಬರು ಅಲ್ಲಿ ಕೂತಿರುತ್ತಾರಂತೆ. ಊಟ ವಸತಿ ಅವರದು, ರೈಲಿನ ಖರ್ಚು ನಮ್ಮದು. ಸಂಘದ ಡಬ್ಬಿಯಲ್ಲಿ ಇದ್ದದ್ದು ಹಳ್ಳಿ ತಿರುಗುವಾಗ ಬಸ್ಸಿಗೇ ಮುಗಿಯಿತು.

ಅಂಗವಿಕಲರಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಕಾಲು ಭಾಗ ಕೊಟ್ಟರೆ ಸಾಕು. ಸಂಘದ ಎಲ್ಲರ ಫಾರಂ ತುಂಬಿಕೊಡುವ ಗೋರಖನಾಥ ಮಾಸ್ತರರು ನನ್ನದನ್ನೂ ತುಂಬಿಕೊಟ್ಟರು. ಅದರಲ್ಲಿ ಒಂದು ವಾಕ್ಯ ಮೊದಲೇ ಅಚ್ಚಾಗಿದೆ: ‘ಈ ವ್ಯಕ್ತಿ ಜೊತೆಗಾರರ ಸಹಾಯವಿಲ್ಲದೆ ಪ್ರಯಾಣ ಮಾಡಲಾರರು.’ ಅದರ ಕೆಳಗೆ ಜೊತೆಗೆ ಬರುವವರ ಹೆಸರಿನ ಕಾಲಂ. ಮಾಸ್ತರರು ಅದನ್ನೂ ತುಂಬಿದ್ದರು. ನನಗೆ ಮೈ ಉರಿಯಿತು. ಹದಿನಾರು ಹಳ್ಳಿ ಕೋಲೂರಿ ತಿರುಗಿದವಳು ನಾನು. ನಮ್ಮ ಬಗ್ಗೆ ನಮ್ಮನ್ನು ಕೇಳದೆ ಯಾರೂ ಬರೆಯಕೂಡದು ಎಂದು ನಾನೇ ಕರಪತ್ರ ಬರೆದು ಹಂಚಿದ್ದೇನೆ. ನಾನು ಪ್ರಯಾಣ ಮಾಡಲಾರೆ ಎಂದು ನಾನೇ ಒಪ್ಪಿಕೊಂಡು, ನಾವು ಬದುಕಬಲ್ಲೆವು ಎಂದು ಹೇಳಲು ದೆಹಲಿಗೆ ಹೋಗಲೇ? ಭಾಲ್ಕಿಯ ವೈದ್ಯಕೀಯ ಶಿಬಿರದಲ್ಲಿ ಡಾಕ್ಟರರ ಸಹಿಗೆ ಸರದಿಯಲ್ಲಿ ನಿಂತಾಗ ಪೆನ್ನು ತೆಗೆದು ಎರಡನ್ನೂ ಹೊಡೆದು ಹಾಕಿದೆ. ಡಾಕ್ಟರರು ನೋಡದೆ ಸಹಿ ಮಾಡಿದರು, ಠಸ್ಸೆ ಬಿತ್ತು. ನಾನು ಗೆದ್ದೆ ಎಂದುಕೊಂಡೆ. ಬೀದರ ಸ್ಟೇಶನ್ನಿನ ಕಿಟಕಿಯವರು ಫಾರಂ ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು. “ಹೊಡದ ಹಾಕಿದ್ದು ನಡಿಯಂಗಿಲ್ಲ ತಂಗೀ. ಒಬ್ಬಾಕಿನೇ ಹೋಗ್ತೇನಿ ಅಂದ್ರ ಪೂರಾ ಟಿಕೇಟ. ಯಾರರ ಕೂಡಿ ಹೋಗ್ತೇನಿ ಅಂದ್ರ ಇಬ್ಬರಿಗೂ ಕಾಲು ರೊಕ್ಕ.” ಕೆಟ್ಟ ಮನುಷ್ಯನಲ್ಲ, ಕೂರಲು ಸ್ಟೂಲು ಕೊಟ್ಟ, ನೀರು ಕೊಟ್ಟ. ಇಬ್ಬರು ಹೋದರೆ ಒಬ್ಬಳ ಟಿಕೇಟಿನ ಅರ್ಧ ರೊಕ್ಕ. ಒಬ್ಬಳೇ ಹೋದರೆ ನನ್ನ ಬೂತಿನ ಎರಡು ತಿಂಗಳ ಪಗಾರ.

ಅಂದಿನಿಂದ ಹನ್ನೊಂದು ದಿನ ಆ ಒಂದು ಟಿಕೇಟಿನ ಬೆನ್ನು ಹತ್ತಿದ್ದೇನೆ. ಔರಾದಿನ ಒಂದು ಕಚೇರಿಯಲ್ಲಿ ನಮ್ಮಂಥವರ ಹೆಸರಿನ ಹಣವಿದೆ ಎಂದು ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಹೋದೆ. “ಈ ವರ್ಷ ಇದ್ದ ರೊಕ್ಕೆಲ್ಲ ದನದ ಮೇವಿಗಿ ಹೋಗ್ಯಾದ್ರಿ. ಮಾರ್ಚಿನಾಗ ಅರ್ಜಿ ಕೊಡ್ರಿ, ನೋಡೂಣು.” ಸಮ್ಮೇಳನ ಡಿಸೆಂಬರಿನಲ್ಲಿ ಸಾರ್ ಎಂದೆ. “ಮುಂದಿನ ಡಿಸೆಂಬರ ಬರಂಗಿಲ್ಲೇನ್ರಿ?” ಎಂದು ಅವರು ಮೇಜಿನ ಡ್ರಾ ಮುಚ್ಚಿದರು. ದನಕ್ಕೆ ಮೇವು ಕೊಡಬೇಡಿ ಎಂದು ನಾನು ಹೇಗೆ ಹೇಳಲಿ? ಮೂಕಪ್ರಾಣಿ. ಆದರೆ ಅಲ್ಲಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ, ನಾಲ್ಕು ಕಾಲಿದ್ದಿದ್ದರೆ ನಮ್ಮನ್ನೂ ಎಣಿಸುತ್ತಿದ್ದರು ಎಂಬ ಹೊಲಸು ವಿಚಾರ ತಲೆಯಿಂದ ಹೋಗಲಿಲ್ಲ.

ಆಮೇಲೆ ಚಾಚಾ ತಮ್ಮ ಹಳೆಯ ಗುರುತಿನಿಂದ ಗಂಜಿನ ಬೇಳೆ ವ್ಯಾಪಾರಿ ಹಾವಗೆಪ್ಪ ಅವರ ಅಂಗಡಿಗೆ ಕಳಿಸಿದರು. ಹಣೆಗೆ ವಿಭೂತಿ, ಮಾತು ಮೃದು. ದಾನದಲ್ಲಿ ಎತ್ತಿದ ಕೈ. ದೆಹಲಿಗಾಗಿ ನಾನು ಬರೆದ ಭಾಷಣದ ಕಾಗದವನ್ನು ಪೂರ್ತಿ ಓದಿದರು, ಮಡೆಪ್ಪನ ಹಗ್ಗದ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಪೂರಾ ಟಿಕೇಟು ನಾನೇ ತೆಗೆಸುತ್ತೇನೆ ಎಂದರು. ಆಗ ಅವರು ಅಂಗಡಿಯ ಮೂಲೆಯಲ್ಲಿದ್ದ ಮೂರು ಗಾಲಿಯ ಗಾಡಿಯನ್ನು ಮುಂದಕ್ಕೆ ತರಿಸಿದರು. ಸೀಟಿನ ಮೇಲೆ ಇನ್ನೂ ಪ್ಲಾಸ್ಟಿಕ್ಕು, ಹ್ಯಾಂಡಲಿಗೆ ಒಣಗಿದ ಚೆಂಡು ಹೂವಿನ ಹಾರ. ಅದರಲ್ಲಿ ಕೂರಬೇಕು, ಅವರು ಮಾಲೆ ಹಾಕುತ್ತಾರೆ, ಪೇಪರಿನವರು ಫೋಟೋ ತೆಗೆಯುತ್ತಾರೆ. ನಾನು ನಡೆಯುತ್ತೇನಲ್ಲರಿ ಎಂದೆ. “ಫೋಟೋದಾಗ ನಡಿಯೋದು ಕಾಣಸಂಗಿಲ್ಲವ್ವ” ಎಂದರು, ಮಗುವಿಗೆ ಹೇಳುವಂತೆ. ಮತ್ತೆ, “ಆಮ್ಯಾಲ ಗಾಡಿ ಇಲ್ಲೇ ಬಿಟ್ಟ ಹೋಗು ಮತ್ತ, ಬರೋ ವರ್ಷಕ್ಕ ಬೇಕಾಗ್ತದ.” ಎಷ್ಟು ಮಂದಿ ಆ ಪ್ಲಾಸ್ಟಿಕ್ಕಿನ ಮೇಲೆ ಕೂತು ಎದ್ದು ಹೋಗಿದ್ದಾರೋ! ನಾನು ಕಾಗದ ತೆಗೆದುಕೊಂಡು ಎದ್ದು ಬಂದೆ. ಚೀಲಗಳ ಮೇಲೆ ಕೂತ ಹಮಾಲರು, “ದಿಲ್ಲಿಗಿ ಹೊಂಟೀಯೇನು ಅಕ್ಕಾ, ನಮ್ಮ ಸಲಾಮ ಮುಟ್ಟಸು” ಎಂದು ಕೂಗಿದರು. ನಕ್ಕೆ. ತಿರುವು ದಾಟಿದ ಮೇಲೆ ಒಂದು ಕೈಗಾಡಿಗೆ ಒರಗಿ ನಿಂತು ಅತ್ತೆ.

ಚಾಚಾ ನನ್ನ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ರಂಜಾನಿನ ರೋಜಾ ಉಪವಾಸದಿಂದ ಒಣಗಿದ ಬಾಯಿಯಲ್ಲಿ ಬೈದರು. “ಅರೆ ಬೇಟಿ, ಐದು ಮಿನಿಟ ಕುಂತಿದ್ರ ಏನಾಗ್ತಿತ್ತು? ನಿನ್ನ ಇಜ್ಜತ್ ನಿಂದು, ಖರೆ. ಆ ನಲವತ್ತೊಂದು ಅಂಗೂಠಾ, ಆ ಹೆಬ್ಬೆಟ್ಟು, ನಿಂದೇನು?” ಮರುದಿನ ಮರ್ಯಾದೆ ಬಿಟ್ಟು ಹಾವಗೆಪ್ಪ ಅವರ ಅಂಗಡಿಗೆ ಹೋದೆ, ಗಾಡಿಯಲ್ಲಿ ಕೂರುತ್ತೇನೆ ಎಂದು ಹೇಳಲು. ಅಷ್ಟರಲ್ಲಿ ಬೇರೆ ಯಾರನ್ನೋ ಕೂರಿಸಿ ಫೋಟೋ ಮುಗಿಸಿದ್ದರು. “ಬರೋ ವರ್ಷ ಬಾರವ್ವ” ಎಂದರು, ಸಿಟ್ಟಿಲ್ಲದೆ. ನನ್ನ ಹಟವೂ ಹೋಯಿತು, ಟಿಕೇಟೂ ಹೋಯಿತು. ನಾನು ಓದಿದ ಯಾವ ಕರಪತ್ರದಲ್ಲೂ ಇಂಥ ದಿನದ ಮಾರನೆಯ ದಿನ ಏನು ಮಾಡಬೇಕು ಎಂದು ಬರೆದಿಲ್ಲ. ಬೂತಿನಲ್ಲಿ ಕೂತು ಭಾಷಣ ತೆಗೆದು ಓದುತ್ತೇನೆ, ಎರಡನೇ ಪುಟಕ್ಕೆ ನನಗೇ ನಂಬಿಕೆ ಬರುವುದಿಲ್ಲ. ಮಡೆಪ್ಪನ ಹಳ್ಳಿಯವರು ಯಾರಾದರೂ ಫೋನಿಗೆ ಬಂದರೆ ಮುಖ ತಗ್ಗಿಸುತ್ತೇನೆ.

ಇಷ್ಟೇ ಸುದ್ದಿ. ಚಿಂತೆ ಮಾಡಬೇಡ. ಅಣ್ಣನಿಗೆ ಬೀಡಿ ಕಡಿಮೆ ಮಾಡಲು ಹೇಳು. ಕೇಶರಬಾಯಿ ಚಿಕ್ಕಮ್ಮ ನಿನ್ನನ್ನು ಕೇಳಿದ್ದಾಳೆ. ಯುನುಸ ಭಾಯಿಗೂ ಅವರ ಮನೆಯವರಿಗೂ ಬರುವ ಈದಿನ ಶುಭಾಶಯ. ನಿನ್ನ ಕೈಯ ಬಿರುಕು ಬೇಗ ಮಾಯಲಿ.

ನಿನ್ನ ಮಗಳು,
ಕೌಸಲ್ಯಾ

ತಾ.ಕ.: ಯುನುಸ ಭಾಯಿ, ಇಲ್ಲಿಂದ ಮುಂದೆ ಮೆಲ್ಲಗೆ ಓದಿರಿ, ಅವ್ವ ಒಬ್ಬಳೇ ಇರುವಾಗ. ಅವ್ವಾ, ಮೇಲೆ ಒಂದು ಮಾತು ಮುಚ್ಚಿಟ್ಟೆ. ಫಾರಂನ ಆ ಕಾಲಂನಲ್ಲಿ ಮಾಸ್ತರರು ಬರೆದದ್ದು ನಿನ್ನ ಹೆಸರು, ಶಾಲುಬಾಯಿ, ತಾಯಿ. “ಮತ್ಯಾರ ಹೆಸರ ಬರೀಲಿ ಬೇ?” ಎಂದಿದ್ದರು. ಎಲ್ಲರಿಗೂ ಆ ವಾಕ್ಯವನ್ನು ತತ್ವಕ್ಕಾಗಿ ಹೊಡೆದೆ ಎಂದು ಹೇಳಿದ್ದೇನೆ. ನಾನು ಮೊದಲು ಹೊಡೆದದ್ದು ವಾಕ್ಯವನ್ನಲ್ಲ, ನಿನ್ನ ಹೆಸರನ್ನು. ಲಾರಿ ಹತ್ತಿದವಳು ಒಮ್ಮೆಯೂ ತಿರುಗಿ ನೋಡಲಿಲ್ಲ ನೀನು. ಯುಗಾದಿಗೆ ಬರ್ತೇನಿ ಎಂದವಳು ಬರಲಿಲ್ಲ. ಆ ಸಿಟ್ಟು ಪೆನ್ನಿಗೆ ಬಂತು. ಹೊಡೆದು ಮುಗಿಸಿದ ಮೇಲೆ ಶಾಲೆಯ ದಾರಿ ನೆನಪಾಯಿತು, ನಾನು ನಿನ್ನ ಬೆನ್ನ ಮೇಲೆ, “ಭಾರ ಇಲ್ಲ ಬೇ, ಸುಮ್ಕ ಕುಂದರು” ಎಂದು ನೀನು ಏದುಸಿರು ಬಿಡುತ್ತ ನಡೆಯುತ್ತಿದ್ದದ್ದು.

ಗುರುವಾರ ೨೭ಕ್ಕೆ ಭಾಲ್ಕಿಯಲ್ಲಿ ಮತ್ತೆ ಶಿಬಿರವಿದೆ. ರೈಲು ೩೦ಕ್ಕೆ, ಸಿಕಂದರಾಬಾದಿನಿಂದಲೇ. ಇಬ್ಬರ ಕಾಲು ರೊಕ್ಕ ನನ್ನ ಹತ್ತಿರ ಇದೆ. ಗುತ್ತೇದಾರ ಎಂಟು ದಿನ ಬಿಡುತ್ತಾನೋ ಇಲ್ಲವೋ ಕೇಳು, ಬಾಯಿ ಬಿಟ್ಟು ಕೇಳು. ಹೊಸ ಫಾರಂ ನನ್ನ ಚೀಲದಲ್ಲಿದೆ, ಆ ಕಾಲಂ ಖಾಲಿ ಬಿಟ್ಟಿದ್ದೇನೆ. ಹಿಂದೆ ಉಳಿದವರ ಪಟ್ಟಿಯಲ್ಲಿಯೂ ನಲವತ್ತೊಂದರ ಕೆಳಗೆ ಒಂದು ಸಾಲು ಖಾಲಿ ಇದೆ. ಒಂದರಲ್ಲಿ ನಿನ್ನ ಹೆಸರು ಬರಬೇಕು, ಇಲ್ಲವಾದರೆ ಇನ್ನೊಂದರಲ್ಲಿ ನನ್ನದು. ಬುಧವಾರ ೨೬ರೊಳಗೆ ಫೋನು ಮಾಡು. ಈದಿನ ದಿನವೂ ನಾನು ಬೂತಿನಲ್ಲೇ ಕೂತಿರುತ್ತೇನೆ.