ಖಾಲಿ ಜೇಬಿಗೆ ಹೋದ ಕೈ

ಬಿಕ್ಕೋಡು, ಮಂಗಳವಾರ

ಅಮ್ಮಾ,

ಫೋನ್ ಬಿಟ್ಟು ಕಾರ್ಡು ಹಾಕಿದಳಲ್ಲ ಅಂತ ಗಾಬರಿಯಾಗಬೇಡ. ನಮ್ಮ ಹಾರನಹಳ್ಳಿಯಲ್ಲಿ ಕಾಣದ ಜಿಗಣೆ ಇಲ್ಲಿ ಕಚ್ಚಿತ್ತು, ಗಾಯ ಒಣಗಿದೆ.

ಬೀಡಿ ಬಿಟ್ಟವರು ಮತ್ತೆ ಯಾಕೆ ಸೇದುತ್ತಾರೆ, ಆಗ ಮಿದುಳಿನಲ್ಲಿ ಏನಾಗುತ್ತದೆ ಅನ್ನುವುದೇ ನನ್ನ ಪಿಎಚ್‌ಡಿ ಅಂತ ನಿನಗೆ ಗೊತ್ತಲ್ಲ. ಅದಕ್ಕೇ ಇಲ್ಲಿನ ಎಸ್ಟೇಟ್ ಕೆಲಸದವರನ್ನು ಮಾತಾಡಿಸುತ್ತಿದ್ದೇನೆ. ಇವತ್ತು ಮರಿಯಣ್ಣ ಅನ್ನುವವರ ಹತ್ತಿರ ಕೂತಿದ್ದಾಗ ನನ್ನ ಫೋನ್ ಹೊಡೆದುಕೊಂಡಿತು. ತಕ್ಷಣ ಅವರ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಗಿ ತಡಕಾಡಿತು.

“ಫೋನ್ ಬಂದ್ರೆ ಆಚೆಗೋಗಿ ಬೀಡಿ ಹಚ್ಚೋನು ಕಣವ್ವ. ಬಿಟ್ಟು ವರ್ಷ ಆಯ್ತು, ಈ ಕೈಗೆ ಇನ್ನೂ ಗೊತ್ತಾಗಿಲ್ಲ” ಅಂತ ನಕ್ಕರು.

ಕೇಳುತ್ತಲೇ ಫೋನನ್ನು ಚೀಲಕ್ಕೆ ತುರುಕಿದೆ. ಅಪ್ಪನೂ ಹಾಗೇ ಅಲ್ಲವೇನಮ್ಮ? ನನ್ನ ಫೋನ್ ಬಂದರೆ ಹುಣಸೇಮರದ ಕೆಳಗೆ ಹೋಗಿ, ಬೀಡಿ ಹಚ್ಚಿಕೊಂಡೇ ಮಾತಾಡುತ್ತಿದ್ದರು. ಇನ್ನು ಸೇದಿದರೆ ಜೀವಕ್ಕೇ ಅಪಾಯ ಅಂತ ಹಾಸನದ ಡಾಕ್ಟರು ಹೇಳಿದ ಮೇಲೆ ಬಿಟ್ಟರು. ಅವತ್ತಿನಿಂದ “ಸೇದಿಲ್ಲ ತಾನೆ?” ಅಂತ ಕೇಳುವುದಕ್ಕೆ ನಾನು ದಿನಾ ಸಂಜೆ ಫೋನ್ ಮಾಡಿದ್ದೇ ಮಾಡಿದ್ದು!

ನನ್ನ ಫೋನೇ ಅವರಿಗೆ ಬೀಡಿ ನೆನಪಿಸುತ್ತದೇನೋ, ಸ್ವಲ್ಪ ದಿನ ಮಾಡುವುದಿಲ್ಲ. ಸಂಜೆ ಅವರನ್ನು ಮರದ ಕಡೆ ಬಿಡಬೇಡ, ಅಡುಗೆಮನೆಯಲ್ಲೇ ಕೂರಿಸಿಕೋ. ಆದರೆ ಮಗಳು ಮರೆತಳು ಅಂತ ಬೇಜಾರಾಗಿ, ಆ ಬೇಜಾರಿಗೇ ಒಂದು ಹಚ್ಚಿಬಿಟ್ಟರೆ? ಈ ಕಾರ್ಡು ಅವರಿಗೂ ಓದಿ ಹೇಳು.

ಹೇಮಾಶ್ರೀ

ಅಯ್ಯೋ, ಫೋನ್ ಹೊಡೆದುಕೊಳ್ಳುತ್ತಿದೆ. ಅಪ್ಪನೇ. ಎತ್ತಲೋ ಬೇಡವೋ?