ಹಸಿರು ಶಾಲಿನ ವೈದ್ಯನಿಗೆ ಹಾಕಿದ ಬಾಗಿಲು

ಗೋಡೆಯೂರು, ಕೃಷ್ಣಾ ದಂಡೆ
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, 2307

ಸುಮಾರು ಮುನ್ನೂರು ವರ್ಷ ಹಿಂದಿರುವವರೇ,

ತಾರೀಕು ನೋಡಿ ನಗಬೇಡಿ. ನಿಮಗೆ ಹನ್ನೆರಡು ತಿಂಗಳು ಸಾಕಾಗಿದ್ದವು. ಬಿಸಿಲು ಏರಿದ ಮೇಲೆ ನಾವು ಉರಿಮಾಸವೆಂಬ ಇನ್ನೊಂದನ್ನು ಸೇರಿಸಿಕೊಂಡೆವು. ಆ ತಿಂಗಳಲ್ಲಿ ಊರ ಹೊರಗೆ ಉಳಿದವರು ಬದುಕುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರ ನಿಮಗೆ ತಲುಪುತ್ತದೆ ಎಂದು ನಮ್ಮ ಅಂಚೆಯವರು ಹೇಳುತ್ತಾರೆ. ನಾನಂತೂ ನಂಬಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾನೀಗ ಹೇಳಲಿರುವ ಆಟವನ್ನು ಕಟ್ಟಿದವರು ನಿಮ್ಮ ಕಾಲದವರು.

ನನ್ನ ಹೆಸರು ನೀಲಗಂಗವ್ವ. ಮೂವತ್ತು ವರ್ಷ ನಮ್ಮ ತಂಡದ ನೀರುಗಾರ್ತಿಯಾಗಿದ್ದೆ. ದಾರಿಯಲ್ಲಿ ಸಿಕ್ಕ ನೀರನ್ನು ಮೂಸಿ, ಒಂದು ದಿನ ಇಟ್ಟು ನೋಡಿ, ಕುಡಿಯಬಹುದೋ ಬಾರದೋ ಹೇಳುವ ಕೆಲಸ. ಅನುಮಾನವೇ ನನ್ನ ಕಸುಬು. ನಮ್ಮ ಕಡೆಯ ಬಾವಿಗಳೆಲ್ಲ ಬತ್ತಿದಾಗ ನಾನು ಗೋಡೆಯೂರಿಗೆ ನಡೆದು ಬಂದೆ. ಇಲ್ಲಿ ಹೊಳೆಯಿದೆ, ನನ್ನ ತಂಗಿ ಚನ್ನವ್ವ ಇದ್ದಾಳೆ. ಹೊಸಬರನ್ನು ಈ ಊರು ಸುಮ್ಮನೆ ಒಳಗೆ ಬಿಡುವುದಿಲ್ಲ. ರೋಗ ಬಾರದಿರಲೆಂದು ಗೋಡೆಯಾಚೆಯ ತಡೆಮನೆಯಲ್ಲಿ ಹನ್ನೆರಡು ದಿನ ಒಬ್ಬೊಬ್ಬರನ್ನೇ ಕೂಡಿಹಾಕುತ್ತದೆ. ಹದಿಮೂರನೆಯ ದಿನ ಹೆಬ್ಬಾಗಿಲಿನಲ್ಲಿ, ನಮ್ಮ ಜೊತೆಗೇ ತಡೆಮನೆಯಲ್ಲಿದ್ದ ನಾಲ್ವರ ಗುಂಪಿನ ಯಾರಾದರೂ ಒಬ್ಬರು ನಮ್ಮ ಕೈ ಹಿಡಿದು ಒಳಗೆ ಕರೆದೊಯ್ಯಬೇಕು; ಊರೊಳಗಿನ ಬಂಧುಗಳು ಹಿಡಿಯುವಂತಿಲ್ಲ. ಯಾರೂ ಹಿಡಿಯದಿದ್ದರೆ ಬಂದ ದಾರಿಯಲ್ಲೇ ವಾಪಸು. ನಾನು ತಡೆಮನೆ ಸೇರಿದಾಗ ಉರಿಮಾಸಕ್ಕೆ ಹದಿನೈದೇ ದಿನ ಉಳಿದಿತ್ತು.

ಬೇರೆ ಬೇರೆ ಕೋಣೆಯಲ್ಲಿರುವವರಿಗೆ ಪರಿಚಯವಾಗುವುದು ಹೇಗೆ? ಅದಕ್ಕೇ ನಿಮ್ಮ ಕಾಲದ ಆ ಆಟ. ಗೋಡೆಯ ಮೇಲೊಂದು ಪರದೆ, ಅದರಲ್ಲಿ ಕೋಟೆಗಳು, ಪಿಶಾಚಿಗಳು, ನಾಲ್ಕು ಜನರ ತಂಡ. ಹಿಂದೆ ಮೇಜಿನ ಸುತ್ತ ಕೂತು ದಾಳ ಹಾಕಿ ಆಡುತ್ತಿದ್ದುದನ್ನೇ ಪರದೆಗೆ ತಂದದ್ದಂತೆ. ಒಬ್ಬೊಬ್ಬರದೂ ಒಂದೊಂದು ಪಾಳಿ. ನಮ್ಮ ಪಾಳಿ ಬಂದಾಗ ನಾಲ್ಕು ಹೆಜ್ಜೆ ನಡೆಯಬಹುದು, ಒಂದು ಕೆಲಸ ಮಾಡಬಹುದು. ಉಳಿದವರು ಕಾಯಬೇಕು. ಶುರುವಿನಲ್ಲೇ ಅದು ನನ್ನ ಬಲವೆಷ್ಟು, ಜಾಣತನವೆಷ್ಟು ಎಂದು ಕೇಳಿತು. ಇವರಿಗೇಕೆ ಬೇಕು ಈ ವಿಚಾರ? ಎಲ್ಲವನ್ನೂ ಕಡಿಮೆ ಬರೆದೆ. ಹಾಗಾಗಿ ಆಟದಲ್ಲಿ ಎದುರಾದ ಮೊದಲ ಇಲಿಯೇ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಏಟು ತಾಗುವ ಸಾಧ್ಯತೆ ನೂರಕ್ಕೆ ತೊಂಬತ್ತೈದು ಎಂದು ಪರದೆ ಹೇಳುತ್ತಿತ್ತು, ಕತ್ತಿ ಮಾತ್ರ ಗಾಳಿಯಲ್ಲಿ ತಿರುಗುತ್ತಿತ್ತು. ಪರದೆ ಉರುಳಿಸುವ ಇಪ್ಪತ್ತು ಮುಖದ ದಾಳದಲ್ಲಿ ಮೋಸವಿದೆ ಎಂದು ತಡೆಮನೆಯ ಕಾವಲಿನವಳಿಗೆ ಮೂರು ಸಲ ದೂರು ಕೊಟ್ಟೆ.

ಆಟದ ತಂಡದಲ್ಲಿ ನನ್ನ ಜೊತೆ ಬಿಲ್ಲುಗಾರ್ತಿ, ಕಳ್ಳಿ, ಹಸಿರು ಶಾಲಿನ ಕುಂಟ ವೈದ್ಯ ಇದ್ದರು. “ಅವ್ರೂ ನಿಮ್ಮಂಗ ಬಂದ ಮಂದೀನ ರೀ ಅಕ್ಕಾರ, ಬಾಜೂ ಕೋಣ್ಯಾಗ ಅದಾರ,” ಎಂದು ಕಾವಲಿನವಳು ಮೊದಲ ದಿನವೇ ಹೇಳಿದಳು. ನಾನು ನಕ್ಕೆ. ಪರದೆಯೊಳಗಿನ ಬೊಂಬೆಯನ್ನು ಮನುಷ್ಯನೆಂದು ನಂಬಿಸಿ ನನ್ನ ಗುಣ ಅಳೆಯುತ್ತಾರೆ ಎಂದುಕೊಂಡೆ. ವೈದ್ಯ ತನ್ನ ಪ್ರತಿ ಪಾಳಿಯಲ್ಲೂ ಕುಂಟುತ್ತ ಬಂದು ನನ್ನ ಮುಂದೆ ಮದ್ದಿನ ಸೀಸೆ ಇಡುತ್ತಿದ್ದ. ತನ್ನ ಗಾಯಕ್ಕೆ ಒಂದನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಅಷ್ಟು ಒಳ್ಳೆಯವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಸೀಸೆಗಳನ್ನು ಒಂದು ದಿನ ಇಟ್ಟು ನೋಡೋಣವೆಂದು ಚೀಲದಲ್ಲಿ ತುಂಬಿದೆ. ಒಂದನ್ನೂ ಕುಡಿಯಲಿಲ್ಲ.

ಹನ್ನೆರಡನೆಯ ದಿನ ಕೋಟೆಯ ಮೂರನೆಯ ಅಂತಸ್ತಿನಲ್ಲಿ ಪಿಶಾಚಿಗಳು ಬೆನ್ನು ಹತ್ತಿದವು. ಬಿಲ್ಲುಗಾರ್ತಿ ಮತ್ತು ಕಳ್ಳಿ ಹಿಂದಿನ ಮೆಟ್ಟಿಲಿನಿಂದ ಇಳಿದು ತಪ್ಪಿಸಿಕೊಂಡರು. ನಾನು ಒಂದು ಕೋಣೆಗೆ ನುಗ್ಗಿದೆ. ವೈದ್ಯ ಬಾಗಿಲಿಗೆ ಎರಡೇ ಹೆಜ್ಜೆ ದೂರದಲ್ಲಿದ್ದ. ಪಾಳಿ ನನ್ನದು. ಅವನೇ ಅವುಗಳನ್ನು ಕರೆತಂದಿದ್ದಾನೆ ಎನ್ನಿಸಿತು. ಬಾಗಿಲು ಹಾಕಿ ಅಗಳಿ ಜಡಿದೆ. ಆಚೆ ಅವನು ಬಿದ್ದ ಸದ್ದಾಯಿತು. ತಪ್ಪಾದರೆ ಒತ್ತಿ ಆಟದಲ್ಲಿ ಹಿಂದಕ್ಕೆ ಹೋಗುವ ಗುಂಡಿ ನಿಮ್ಮಲ್ಲಿತ್ತಂತೆ. ಈ ಊರಿನವರು ಅದನ್ನು ಕಿತ್ತುಹಾಕಿದ್ದಾರೆ.

ಮರುದಿನ ಹೆಬ್ಬಾಗಿಲಿನಲ್ಲಿ ಮೂವರು ನಿಂತಿದ್ದರು. ಬಿಲ್ಲುಗಾರ್ತಿ, ಕಳ್ಳಿಯಾಗಿ ಆಡಿದ ಅತ್ತಿಗೆ ನಾದಿನಿಯರಿಬ್ಬರು, ಒಬ್ಬ ಮುದುಕ. ಮುದುಕನ ಒಂದು ಕಾಲು ಕುಂಟು. ಕಾವಲಿನವಳು ಹೇಳಿದ್ದು ನಿಜವೇ ಆಗಿತ್ತು. ಹೆಂಗಸರು ಅವನ ಎರಡೂ ಕೈ ಹಿಡಿದು ಒಳಗೆ ನಡೆದರು, ನನ್ನತ್ತ ತಿರುಗಿಯೂ ನೋಡಲಿಲ್ಲ. ಒಳಗಡೆ ಚನ್ನವ್ವ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ನಾನು ಗಂಟು ಎತ್ತಿಕೊಂಡು ವಾಪಸು ಹೊರಟೆ. ಬೆನ್ನ ಹಿಂದೆ ಕುಂಟು ಹೆಜ್ಜೆಯ ಸದ್ದು ಬಂತು. ಮುದುಕ ಬಂದು ನನ್ನ ಕೈ ಹಿಡಿದ. ಆಗಲೂ ನಾನು ಕೇಳಿದ್ದು ಒಂದೇ, “ಯಾಕ?”

“ನಿನ್ನೆ ನಿಮ್ಮ ಪಾಳಿ ಇತ್ತವಾ, ಬಾಗಲಾ ಹಾಕಿದ್ರಿ,” ಎಂದ. “ಇವತ್ತ ನಂದು.”

ಅವರ ಹೆಸರು ಗುರುಪಾದಪ್ಪ. ಈಗ ನಮ್ಮ ಮನೆಯ ಎದುರಿಗೇ ಇದ್ದಾರೆ. ದಿನಾ ಒಂದು ತಂಬಿಗೆ ಹೊಳೆನೀರು ಕಳಿಸುತ್ತಾರೆ. ನಿನ್ನೆಯವರೆಗೂ ಅದನ್ನು ಒಂದು ದಿನ ಇಟ್ಟು ನೋಡಿಯೇ ಕುಡಿಯುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಇಡುತ್ತಿದ್ದೆ. ಇವತ್ತು ಬಂದದ್ದು ಈ ಕಾಗದದ ಪಕ್ಕದಲ್ಲಿದೆ, ಅರ್ಧ ಕುಡಿದಿದ್ದೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಹಿಂದಕ್ಕೆ ಹೋಗುವ ಗುಂಡಿ ನಿಮ್ಮ ಹತ್ತಿರ ಇನ್ನೂ ಇದೆಯಲ್ಲ. ಆ ಕೋಟೆಯ ಮೂರನೆಯ ಅಂತಸ್ತಿಗೆ ಹೋಗಿ, ನನ್ನ ಪರವಾಗಿ ಒಮ್ಮೆ ಆ ಅಗಳಿ ತೆಗೆಯಿರಿ. ಅವನು ಎರಡೇ ಹೆಜ್ಜೆ ದೂರದಲ್ಲಿದ್ದಾನೆ.

ನೀಲಗಂಗವ್ವ